ಹಿಮದ ದಾರಿಯ ಶಗಡಿ

ಘಾಟಿನ ಕ್ಯಾಂಪ್, ಕಾಶ್ಮೀರ
೨ ನವೆಂಬರ್ ೧೯೭೯

ಅಕ್ಕನಿಗೆ ಗವಿಸಿದ್ದಪ್ಪನ ನಮಸ್ಕಾರ.

ಕ್ಷೇಮ ಎಂದು ಬರೆಯೋಣವೆಂದರೆ ಪೆನ್ನಿನ ಮಸಿಯೇ ಹೆಪ್ಪುಗಟ್ಟಿದೆ. ಬಗಲಲ್ಲಿಟ್ಟು ಬೆಚ್ಚಗೆ ಮಾಡಿ ಒಂದೊಂದು ಸಾಲು ಬರೆಯುತ್ತಿದ್ದೇನೆ. ಅಕ್ಷರ ನೋಡಿ ನಗಬೇಡ.

ಗಂಗಾವತಿಯಲ್ಲಿ ಕಾಲುವೆ ನೀರು ಬಂದ ಹೊಲಗಳನ್ನು ಸಮ ಮಾಡಲು ಓಡಿಸುತ್ತಿದ್ದೆವಲ್ಲ, ಅದೇ ಜಾತಿಯ ಚೈನ್ ಟ್ರ್ಯಾಕ್ಟರ್ ಇಲ್ಲಿಯೂ. ಅಲ್ಲಿ ಎರೆಮಣ್ಣು, ಇಲ್ಲಿ ಹಿಮ. ಮುಂದಿನ ದೊಡ್ಡ ಹಲಗೆಯಿಂದ ತಳ್ಳಿ ದಾರಿ ಪಕ್ಕದ ಕಮರಿಗೆ ಬೀಳಿಸುವುದು ನಮ್ಮ ಕೆಲಸ. ಬೆಳಿಗ್ಗೆ ತಳ್ಳಿದಷ್ಟೂ ಸಂಜೆಗೆ ಮತ್ತೆ ಬಿದ್ದಿರುತ್ತದೆ. "ಅಲ್ಲಿ ಮಣ್ಣಾದ್ರೂ ತಳ್ಳಿದ ಜಾಗಾದಾಗ ಸುಮ್ನ ಬಿದ್ದಿರ್ತಿತ್ತಪ್ಪ" ಎನ್ನುತ್ತಾನೆ ಮೆಹಬೂಬಣ್ಣ. ಗಂಗಾವತಿಯ ಬಿಸಿಲಲ್ಲಿ ರೇಡಿಯೇಟರಿಗೆ ಒದ್ದೆ ಗೋಣಿಚೀಲ ಕಟ್ಟಿ ತಂಪು ಮಾಡುತ್ತಿದ್ದವರು ನಾವು. ಇಲ್ಲಿ ಬೆಳಿಗ್ಗೆ ಎಂಜಿನ್ನಿನ ಹೊಟ್ಟೆಯ ಕೆಳಗೆ ಬೆಂಕಿ ಹಾಕಿ ಎಬ್ಬಿಸುತ್ತೇವೆ. ಎದ್ದ ಮೇಲೆ ಅದು ಬೆಚ್ಚಗಿರುತ್ತದೆ, ಕೂತವನು ನಡುಗುತ್ತಿರುತ್ತಾನೆ. ಕ್ಯಾಬಿನ್ನು ಅಂದರೆ ಏನು, ನಾಲ್ಕು ತಗಡು, ಮೇಲೊಂದು ತಾಡಪತ್ರಿ. ನೂರು ಸಂದು.

ಮೆಹಬೂಬಣ್ಣ ಮತ್ತು ನಾನು ಒಂದೇ ಟ್ರ್ಯಾಕ್ಟರಿಗೆ ಪಾಳಿಯ ಮೇಲೆ. ಅವನು ಇಳಿದಾಗ ನಾನು ಹತ್ತುತ್ತೇನೆ, ನಾನು ಇಳಿದಾಗ ಅವನು. ಇಡೀ ದಿನದಲ್ಲಿ ನಾನು ಕನ್ನಡ ಆಡುವುದು ಆ ಐದು ನಿಮಿಷ ಮಾತ್ರ. ಉಳಿದ ಹೊತ್ತು ಬಾಯಿದ್ದೂ ಮೂಕ.

ಅವನ ಹೆಂಡತಿ ಬಾನುಬೀಗೆ ಏಳು ತಿಂಗಳಂತೆ. ತಾವರಗೇರಾದ ನರ್ಸಬಾಯಿ ನೀನೇ ನೋಡುತ್ತಿದ್ದೀಯೆಂದು ಅವನಿಗೆ ಭಾರೀ ಧೈರ್ಯ. ಇಲ್ಲಿನ ಕೂಲಿಗಳು ಕೆಂಡದ ಬುಟ್ಟಿಯನ್ನು ನಿಲುವಂಗಿಯೊಳಗೆ ಇಟ್ಟುಕೊಂಡು ತಿರುಗುತ್ತಾರೆ. ನಮಗೆ ಎರಡು ಕೈ ಎರಡು ಕಾಲು ಲಿವರು, ಪೆಡಲಿನ ಮೇಲೇ ಇರಬೇಕು, ಆ ಬುಟ್ಟಿ ಆಗದು. ಊರ ಬಾಣಂತಿಯರನ್ನೆಲ್ಲ ಬೆಚ್ಚಗಿಡುವವಳು ನೀನು. ನಮ್ಮಿಬ್ಬರಿಗೂ ಒಂದು ಉಪಾಯ ಹೇಳಬಾರದೆ?

ನಿನ್ನ ತಮ್ಮ,
ಗವಿಸಿದ್ದಪ್ಪ


ತಾವರಗೇರಾ
೧೬ ನವೆಂಬರ್ ೧೯೭೯

ಎಪ್ಪಾ ಗವಿಸಿದ್ದಪ್ಪಾ, ನೂರು ವರ್ಷ ಬಾಳು.

ಹೋಗಬೇಡ ಎಂದು ಎಷ್ಟು ಬಡಕೊಂಡೆ. ಅಳವಂಡಿಯಲ್ಲಿ ಹುಟ್ಟಿದವನಿಗೆ ಹಿಮದಲ್ಲಿ ಏನು ಕೆಲಸ? ಹೋಗಲಿ, ಬಯ್ದರೆ ನಿನಗೆ ಬೆಚ್ಚಗಾಗುವುದಿಲ್ಲ. ಉಪಾಯ ಬರೆಯುತ್ತೇನೆ, ಸರಿಯಾಗಿ ಓದು.

ಹಳೇ ತಗಡಿನ ಬಕೆಟ್ಟು ತಗೋ. ಅರ್ಧಕ್ಕೆ ಕತ್ತರಿಸಿ, ಬದಿಗೆ ತೂತು ಹಾಕಿ, ಮೂರು ಕಾಲು ಕೂಡಿಸು. ಶಗಡಿ ಆಯಿತು. ಇದ್ದಲಿಯನ್ನು ಹೊರಗೇ ಉರಿಸು. ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗೆ ನಿಗಿನಿಗಿ ಆದ ಮೇಲೆ, ಮೇಲೊಂದು ಹಿಡಿ ಬೂದಿ ಹಾಕಿ ಒಳಗೆ ಒಯ್ಯಿ. ನಾವು ಬಾಣಂತಿ ಹೊರಸಿನ ಕೆಳಗೆ ಇಡುವ ಹಾಗೆ ನಿನ್ನ ಸೀಟಿನ ಕೆಳಗೆ ಇಡು, ಅತ್ತಿತ್ತ ಸರಿಯದ ಹಾಗೆ ತಂತಿ ಕಟ್ಟು. ಸಂದುಗೊಂದಿಗೆಲ್ಲ ಗೋಣಿತಾಟು ತುರುಕು. ಗಾಳಿ ಬರುವ ಒಂದು ಕಿಂಡಿಯನ್ನೂ ಬಿಡಬೇಡ. ಕಿವಿಗೆ ಹತ್ತಿ ಇಟ್ಟು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟು. ಇಷ್ಟು ಮಾಡಿದರೆ ಹಿಮವೇನು, ಅದರ ಅಪ್ಪ ಬಂದರೂ ನಿನ್ನನ್ನು ಮುಟ್ಟುವುದಿಲ್ಲ.

ಹದಿನಾಲ್ಕು ವರ್ಷದಿಂದ ಇದೇ ಮಾಡಿಸುತ್ತಿದ್ದೇನೆ. ಈಗಂತೂ ಬಾಣಂತಿ ಕೋಣೆಗೆ ಕಾಲಿಟ್ಟರೆ ಬಾಯಿ ತೆರೆಯುವುದೇ ಇಲ್ಲ. ಅತ್ತ ಕೈ ಮಾಡಿದರೆ ಬಾಗಿಲು ಮುಚ್ಚುತ್ತಾರೆ, ಇತ್ತ ಕೈ ಮಾಡಿದರೆ ನೀರು ಕಾಯಿಸುತ್ತಾರೆ. ಹೆರಿಗೆ ಮುಗಿಯುವ ತನಕ ನಾನೇ ಆ ಮನೆಯ ಯಜಮಾನಿ. ಹದಿಮೂರನೇ ದಿನ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಮಾತ್ರ ಯಾರೂ ಕರೆಯುವುದಿಲ್ಲ. ಮಕ್ಕಳಿಲ್ಲದವಳ ಕೈ ತೊಟ್ಟಿಲಿಗೆ ತಾಗಬಾರದಂತೆ. ಅದೇ ಕೈಯಲ್ಲಿ ಅಲ್ಲವೇ ಆ ಕೂಸನ್ನು ಹೊರಗೆ ತಂದದ್ದು? ಮೊದಮೊದಲು ಅಳುತ್ತಿದ್ದೆ. ಈಗ ಆ ದಿನ ಬೇರೆ ಊರಿನ ಭೇಟಿ ಹಾಕಿಕೊಳ್ಳುತ್ತೇನೆ.

ಬಾನುಬೀ ಗಟ್ಟಿ ಹುಡುಗಿ. ಮೆಹಬೂಬಸಾಬನಿಗೆ ಚಿಂತೆ ಬೇಡ ಎನ್ನು.

ಅಕ್ಕ,
ಪಕ್ಕೀರವ್ವ


ಘಾಟಿನ ಕ್ಯಾಂಪ್
೩ ಡಿಸೆಂಬರ್ ೧೯೭೯

ಅಕ್ಕಾ, ನಿನ್ನ ಕಾಲಿಗೆ ಎರಡು ಸಲ ಬೀಳಬೇಕು, ಒಂದು ನನ್ನದು, ಒಂದು ಮೆಹಬೂಬಣ್ಣನದು.

ನೀನು ಬರೆದ ಹಾಗೇ ಮಾಡಿದೆವು. ಬಕೆಟ್ಟನ್ನು ಅವನು ಕತ್ತರಿಸಿದ, ಸಂದು ಮುಚ್ಚುವ ಕೆಲಸ ನಾನು ಹಿಡಿದೆ. ಗೋಣಿತಾಟಿಗೆ ಡಾಂಬರು ಬಳಿದು ಅಂಟಿಸಿದ್ದೇನೆ. ಬಾಗಿಲ ಸುತ್ತ ಹಳೇ ಟ್ಯೂಬು ಕತ್ತರಿಸಿ ಪಟ್ಟಿ ಹೊಡೆದಿದ್ದೇನೆ. ಹಾಕಿದರೆ ಡಬ್ಬಿಯ ಮುಚ್ಚಳದ ಹಾಗೆ ಕೂಡುತ್ತದೆ. ಬೇರೆ ಟ್ರ್ಯಾಕ್ಟರಿನವರು ಬಂದು ಬಂದು ನೋಡಿ ಹೋಗುತ್ತಾರೆ. ಹಿಂದಿಯಲ್ಲಿ ಏನೋ ಹೊಗಳುತ್ತಾರೆ, ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧಕ್ಕೆ ನಗುತ್ತೇನೆ.

ಮೊದಲ ದಿನ ಶಗಡಿ ಇಟ್ಟುಕೊಂಡು ನಾಲ್ಕು ತಾಸು ಹಿಮ ತಳ್ಳಿ ಇಳಿದ ಮೆಹಬೂಬಣ್ಣ, "ಏ ಗವಿ, ನನ್ನ ಹೇಣ್ತಿಗಿಂತ ಮೊದಲ ನಾನ ಬಾಣಂತಿ ಆದ್ನಲ್ಲೋ! ಇನ್ನೊಂದೀಟು ಅಳವಿ ಪಾಯಸ ಕೊಟ್ರ ಮುಗೀತು ನೋಡು" ಅಂದ. ಐದು ನಿಮಿಷದ ಮಾತು ಆ ದಿನ ಅರ್ಧ ತಾಸು ಆಯಿತು. ಹಿಮದ ನಡುವೆ ನಿಂತು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಈಗ ಟ್ರ್ಯಾಕ್ಟರಿಗೆ ಬಾಣಂತಿ ಎಂದೇ ಹೆಸರು.

ಇಳಿದ ಮೇಲೆ ಸ್ವಲ್ಪ ತಲೆ ಹಿಡಿದಂತಾಗುತ್ತದೆ, ಇಬ್ಬರಿಗೂ. ಎತ್ತರದ ಜಾಗ, ಎಲ್ಲರಿಗೂ ಹಾಗೇ ಎನ್ನುತ್ತಾರೆ. ಬೆರಳು ಮಾತ್ರ ಈಗ ನನ್ನವೇ ಅನ್ನಿಸುತ್ತಿವೆ. ಅಕ್ಷರ ನೋಡು, ಎಷ್ಟು ದುಂಡಗಿದೆ.

ಬೆಚ್ಚಗಿರುವ,
ಗವಿ


ತಾವರಗೇರಾ
೧೮ ಡಿಸೆಂಬರ್ ೧೯೭೯

ನನ್ನ ಗವಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರವನ್ನು ಬಾನುಬೀಗೂ ಅವಳ ಅತ್ತೆ ಸರ್ದಾರಬೀಗೂ ಓದಿ ಹೇಳಿದೆ. ಬಾಣಂತಿ ಮಾತು ಬಂದಾಗ ಬಾನುಬೀ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಬರ್ಲಿ ಅವ್ರು, ತಲಿಗೆ ಬಟ್ಟಿ ಕಟ್ಟಿ ಮೂಲ್ಯಾಗ ಕುಂದರಸ್ತೀನಿ" ಅಂದಳು. ಆಮೇಲೆ ಪತ್ರ ತನಗೇ ಕೊಡಿ ಎಂದು ಇಸಿದುಕೊಂಡಳು. ಓದಲು ಬಾರದು, ಆದರೂ ಇಟ್ಟುಕೊಂಡಿದ್ದಾಳೆ.

ಕುಷ್ಟಗಿಯ ತಿಂಗಳ ಸಭೆಯಲ್ಲಿ ನಾನೂ ಸುಮ್ಮನಿರಲಿಲ್ಲ. ನನ್ನ ಶಗಡಿ ಕಾಶ್ಮೀರದಲ್ಲಿ ಹಿಮ ತೆಗೆಯುತ್ತಿದೆ ಎಂದು ಎಲ್ಲ ನರ್ಸುಗಳ ಮುಂದೆ ಹೇಳಿದೆ. ಜಂಬ ಅನ್ನು, ಏನಾದರೂ ಅನ್ನು. ಆಸ್ಪತ್ರೆಯ ಹಿಂದಿನ ಈ ಕೋಣೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುವಾಗ ನೀನು ನನ್ನ ಕೆಂಡದ ಮೇಲೆ ಕೂತಿದ್ದೀಯ ಎಂದು ನೆನೆದರೆ, ಜೊತೆಗೆ ಯಾರೋ ಇದ್ದಂತೆ ಅನ್ನಿಸುತ್ತದೆ.

ತಲೆನೋವಿಗೆ ಎತ್ತರ ಗಿತ್ತರ ಏನೂ ಕಾರಣವಲ್ಲ. ಎಲ್ಲೋ ಇನ್ನೂ ಒಂದು ಸಂದು ಉಳಿದಿದೆ, ಕಿವಿಗೆ ಗಾಳಿ ಹೊಡೆಯುತ್ತಿದೆ. ಹುಡುಕಿ ಮುಚ್ಚು.

ಹೊಸ ವರ್ಷದ ಮೊದಲ ವಾರದಲ್ಲೇ ಬಾನುಬೀಗೆ ದಿನ ತುಂಬುತ್ತದೆ. ತಂತಿ ಕಳಿಸುತ್ತೇನೆ.

ನಿನ್ನ ಅಕ್ಕ


ಘಾಟಿನ ಕ್ಯಾಂಪ್
೩೦ ಡಿಸೆಂಬರ್ ೧೯೭೯

ಅಕ್ಕಾ,

ಮೆಹಬೂಬಣ್ಣ ಹೋದ. ಇಪ್ಪತ್ತೆಂಟರ ಮಧ್ಯಾಹ್ನ. ಕ್ಯಾಂಪಿನವರು ಅವನ ಮನೆಗೆ ತಂತಿ ಕೊಟ್ಟಿದ್ದಾರೆ, ಈ ಪತ್ರಕ್ಕಿಂತ ಮೊದಲೇ ಮುಟ್ಟಿರುತ್ತದೆ.

ಮೇಲಿನ ಗುಡ್ಡದಿಂದ ಹಿಮ ಜರಿಯುವ ಹಾಗಿತ್ತು. ಅದು ಇಳಿಯುವ ತನಕ ತಿರುವಿನಲ್ಲಿ ನಿಲ್ಲಿ ಎಂದರು. ಅವನು ಟ್ರ್ಯಾಕ್ಟರ್ ನಿಲ್ಲಿಸಿ ಒಳಗೇ ಕೂತಿದ್ದ. ಎರಡು ತಾಸು. ಪಾಳಿ ಬದಲಿಸಲು ನಾನು ಹೋದೆ. ಬಾಗಿಲು ತೆಗೆದರೆ ಒಂದು ಕೈ ಲಿವರಿನ ಮೇಲೆ, ತಲೆ ಹಿಂದಕ್ಕೆ ಒರಗಿತ್ತು. ಮುಖ ಕೆಂಪಗೆ, ಈಗ ತಾನೇ ಸ್ನಾನ ಮಾಡಿ ಬಂದವನ ಹಾಗೆ. ಚೇಷ್ಟೆ ಮಾಡುತ್ತಿದ್ದಾನೆಂದು ತಿಳಿದು ಬೈದೆ. ಎರಡು ಸಲ ಬೈದೆ, ಅಕ್ಕಾ.

ಥಂಡಿಗೆ ಹೋದ. ಎಲ್ಲರಿಗೂ ಹಾಗೇ ಹೇಳು.

ಇಲ್ಲಿನ ನಾಲ್ವರು ಕೂಲಿಗಳು ನೆಲ ಅಗಿದು ನಮಾಜು ಮಾಡಿ ಮಣ್ಣು ಕೊಟ್ಟರು. ಅವರಿಗೆ ಅವನ ಹೆಸರೂ ಗೊತ್ತಿರಲಿಲ್ಲ. ನಾನೂ ಒಂದು ಹಿಡಿ ಹಾಕಿದೆ. ಬಾನುಬೀಯನ್ನು ಬಿಟ್ಟು ಎಲ್ಲಿಗೂ ಹೋಗಬೇಡ.

ನಿನ್ನ ಹದಿನೆಂಟರ ಪತ್ರ ನಿನ್ನೆ ಬಂತು.

ಗವಿಸಿದ್ದಪ್ಪ


ತಾವರಗೇರಾ
೧೨ ಜನವರಿ ೧೯೮೦

ಗವಿ,

ತಂತಿ ಒಂದನೇ ತಾರೀಖು ಬಂತು. ಹಿಮದ ಕೆಲಸದಲ್ಲಿ ತೀರಿಕೊಂಡ ಎಂದಷ್ಟೇ ಇತ್ತು. ಓದಿ ಹೇಳಿದವಳು ನಾನೇ. ಬಾನುಬೀ ಅಳಲಿಲ್ಲ. ಅರಿವು ತಪ್ಪಿದವಳ ಹಾಗೆ ಗೋಡೆ ಹಿಡಿದು ಕೂತಳು. ಆರರಂದು ಹೆಣ್ಣು ಕೂಸು ಹುಟ್ಟಿದೆ. ಎರಡು ಕಿಲೋ ಸಹ ಇಲ್ಲ. ಕಣ್ಣು ಮೆಹಬೂಬಸಾಬನವೇ.

ನಿನ್ನ ಪತ್ರ ಮೊನ್ನೆ ಬಂತು. ಅದರೊಳಗಿನದು ಹೇಳುವ ಮೊದಲು ಇಲ್ಲಿನದು ಹೇಳುತ್ತೇನೆ. ಬಾನುಬೀ ಶಗಡಿಯನ್ನು ಕೋಣೆಯೊಳಗೆ ಬಿಡುತ್ತಿಲ್ಲ. ಕೌದಿ ಹೊದಿಸಿದರೆ ಒದೆಯುತ್ತಾಳೆ. ಬರಿ ನೆಲದ ಮೇಲೆ ಮಲಗುತ್ತಾಳೆ. ಸರ್ದಾರಬೀ ಮಗನನ್ನು ಕಳಕೊಂಡ ಸಂಕಟದಲ್ಲೂ ಸೊಸೆಯ ಗದ್ದ ಹಿಡಿದು ಬೇಡುತ್ತಾಳೆ. "ಅವ್ರು ಥಂಡ್ಯಾಗ ನಡುಗಿ ನಡುಗಿ ಹೋಗ್ಯಾರ. ನಾ ಹೆಂಗ ಬೆಚ್ಚಗ ಮಲಗ್ಲಿ, ನೀವ ಹೇಳ್ರಿ" ಎನ್ನುತ್ತಾಳೆ. ತಾಯಿಯ ಮೈ ಬೆಚ್ಚಗಿದ್ದರೆ ತಾನೇ ಕೂಸಿಗೆ ಕಾವು. ಬೆಳಿಗ್ಗೆ ಹೋದಾಗ ಅದರ ಅಂಗಾಲು ತಣ್ಣಗಿರುತ್ತದೆ. ಒಂದು ತಾಸು ನನ್ನ ಎದೆಗೆ ಒತ್ತಿಕೊಂಡು ಕೂತು, ಬೆಚ್ಚಗಾದ ಮೇಲೆ ಕೊಟ್ಟು ಬರುತ್ತೇನೆ. ಹೀಗೇ ಆದರೆ ಕೂಸು ಉಳಿಯುವುದಿಲ್ಲ.

ಈಗ ಕೇಳು. ನಿನ್ನೆ ಆ ಕೋಣೆಗೆ ಕಾಲಿಟ್ಟ ಕೂಡಲೇ ರೂಢಿಯಂತೆ ನನ್ನ ಕೈ ಮೇಲಕ್ಕೆ ಹೋಯಿತು. ಸರ್ದಾರಬೀ ಕೋಲು ತಂದು ಮಾಳಿಗೆಯ ಬೆಳಕಿಂಡಿಗೆ ಮುಚ್ಚಿದ್ದ ಗಡಿಗೆಯನ್ನು ಸರಿಸಿದಳು. ಶಗಡಿ ಇಟ್ಟ ಕೋಣೆಯಲ್ಲಿ ಬಾಗಿಲು ಮುಚ್ಚಲಿ, ಕಿಟಕಿ ಮುಚ್ಚಲಿ, ಬೆಳಕಿಂಡಿ ಮಾತ್ರ ತೆರೆದಿರಬೇಕು. ಹದಿನಾಲ್ಕು ವರ್ಷದಿಂದ ಒಂದು ಮನೆಯಲ್ಲೂ ನಾನು ಅದನ್ನು ಮರೆತಿಲ್ಲ. ಆದರೆ ಎಂದೂ ಬಾಯಲ್ಲಿ ಹೇಳಿಲ್ಲ ಗವಿ, ಕೈ ಎತ್ತಿ ತೋರಿಸಿದ್ದೇನೆ ಅಷ್ಟೇ. ಎತ್ತಿದ ಕೈ ನಿನ್ನೆ ಇಳಿಯಲಿಲ್ಲ.

ನಾನು ನಿನಗೆ ಬರೆದದ್ದರಲ್ಲಿ ಅದು ಇತ್ತೇ? ನನ್ನ ಪತ್ರ ನಿನ್ನ ಹತ್ತಿರ ಇದ್ದರೆ ತೆಗೆದು ನೋಡು. ಚಳಿಗೆ ಹೋದವನ ಮುಖ ಸ್ನಾನ ಮಾಡಿ ಬಂದವನ ಹಾಗೆ ಇರುವುದಿಲ್ಲ. ತರಬೇತಿಯ ವರ್ಷ, ಕೆಂಡ ಇಟ್ಟು ಬಾಗಿಲು ಮುಚ್ಚಿ ಮಲಗಿದ್ದ ಗಂಡ ಹೆಂಡತಿಯನ್ನು ಆಸ್ಪತ್ರೆಗೆ ಹೊತ್ತು ತಂದಿದ್ದರು. ಅವರ ಮುಖವೂ ಹೀಗೇ ಕೆಂಪಗಿತ್ತು.

ನನ್ನ ಮೇಲೆ ಆಣೆ, ಸುಳ್ಳು ಬರೆಯಬೇಡ.

ಪಕ್ಕೀರವ್ವ


ಘಾಟಿನ ಕ್ಯಾಂಪ್
೨೩ ಜನವರಿ ೧೯೮೦

ಅಕ್ಕಾ,

ಇರಲಿಲ್ಲ.

ಕ್ಯಾಂಪಿನ ಡಾಕ್ಟರು ಅವನು ಹೋದ ಸಂಜೆಯೇ ಹೇಳಿದರು. ಕೆಂಡದಿಂದ ಏಳುವ ವಿಷಗಾಳಿಗೆ ಬಣ್ಣವಿಲ್ಲವಂತೆ, ವಾಸನೆಯಿಲ್ಲವಂತೆ. ಟ್ರ್ಯಾಕ್ಟರ್ ಓಡುವಾಗ ನಾವು ಮತ್ತೆ ಮತ್ತೆ ಇಳಿದು ಹಲಗೆ ನೋಡಿ ಬರುತ್ತಿದ್ದೆವು, ಬಾಗಿಲು ತೆರೆಯುತ್ತಿತ್ತು, ಹಾಗಾಗಿ ತಲೆನೋವಿಗೇ ಮುಗಿದಿತ್ತು. ಆ ದಿನ ಅವನು ಇಳಿಯಲಿಲ್ಲ. ಮೇಲೆ ಹಿಮ ಬಿದ್ದು ತಾಡಪತ್ರಿಯೂ ಮುಚ್ಚಿಕೊಂಡಿತ್ತು.

ನೀನು ನಿನ್ನ ಕೈಯನ್ನು ಬೈದುಕೊಳ್ಳುತ್ತಿದ್ದೀಯ, ಗೊತ್ತು. ಅದಕ್ಕೇ ಥಂಡಿ ಎಂದು ಬರೆದಿದ್ದೆ. ಆದರೆ ಇದನ್ನೂ ಕೇಳು. ಸೀಟಿನ ಹಿಂದೆ ನೆಲದಲ್ಲಿ ಮೂರು ಬೆರಳಗಲದ ಒಂದು ಕಿಂಡಿ ಉಳಿದಿತ್ತು. ಅಲ್ಲಿಂದ ಗಾಳಿ ಬರುತ್ತದೆ, ಸೊಂಟ ಹಿಡಿಯುತ್ತದೆ ಎಂದು ಮೆಹಬೂಬಣ್ಣ ಗೊಣಗುತ್ತಿದ್ದ. ಇಪ್ಪತ್ತೇಳರಂದು ನನ್ನ ಹಳೇ ಬನಿಯನ್ನು ತುರುಕಿ ಮುಚ್ಚಿದೆ. ನಿನ್ನ ಪತ್ರ ಇನ್ನೂ ಬಂದಿರಲಿಲ್ಲ, ನಾನಾಗಿಯೇ ಮುಚ್ಚಿದೆ. "ಈಗ ಛಲೋ ಆತು ನೋಡು" ಎಂದು ಬೆನ್ನು ತಟ್ಟಿದ.

ಬಾನುಬೀಗೆ ಹೇಳಬೇಡ, ನಿನ್ನ ಕಾಲು ಹಿಡಿಯುತ್ತೇನೆ. ಹಿಮವೇ ಕೊಂದಿತು ಎಂದುಕೊಳ್ಳಲಿ. ಹಿಮಕ್ಕೆ ಯಾರೂ ಶಾಪ ಹಾಕುವುದಿಲ್ಲ. ಅವಳು ನಮ್ಮಿಬ್ಬರಿಗೆ ಶಾಪ ಹಾಕಿದರೆ ನನಗೆ ತಡೆಯಲು ಆಗದು, ನೀನಂತೂ ಅದೇ ಊರಲ್ಲಿ ಇರುವವಳು.

ಶಗಡಿಯನ್ನು ಕಮರಿಗೆ ಎಸೆದೆ. ಬಾಗಿಲನ್ನು ಹಗ್ಗದಿಂದ ಹಿಂದಕ್ಕೆ ಕಟ್ಟಿ ಟ್ರ್ಯಾಕ್ಟರ್ ಓಡಿಸುತ್ತೇನೆ. ಹಿಮ ತೊಡೆಯ ಮೇಲೆ ಬೀಳುತ್ತದೆ, ಬೀಳಲಿ. ಪಾಳಿಗೆ ಹೊಸಬನೊಬ್ಬ ಬಂದಿದ್ದಾನೆ, ಒಳ್ಳೆಯವನು, ಅವನ ಮಾತು ನನಗೆ ಬಾರದು. ಇಳಿದ ಮೇಲೆ ಐದು ನಿಮಿಷ ಹಾಗೇ ನಿಲ್ಲುತ್ತೇನೆ. ಒಂದು ದಿನ "ಮೆಹಬೂಬಣ್ಣಾ, ಉಂಡ್ಯಾ?" ಎಂದು ಕೇಳಿಬಿಟ್ಟೆ. ಹೊಸಬ ನನ್ನ ಮುಖ ನೋಡಿದ.

ಗವಿ


ತಾವರಗೇರಾ
೧೬ ಫೆಬ್ರವರಿ ೧೯೮೦

ನನ್ನ ತಮ್ಮನಿಗೆ,

ಹೇಳಬೇಡ ಎಂದು ಬರೆದಿದ್ದೀಯ. ಹೇಳಿದೆ.

ನಿನ್ನ ಪತ್ರ ಬಂದು ನಾಲ್ಕು ದಿನ ಬ್ಲೌಸಿನಲ್ಲೇ ಇಟ್ಟುಕೊಂಡು ತಿರುಗಿದೆ. ಐದನೇ ದಿನ ಬೆಳಿಗ್ಗೆ ಕೂಸನ್ನು ಎದೆಗೆ ಒತ್ತಿಕೊಂಡರೆ ತಾಸಾದರೂ ಅಂಗಾಲು ಕಾವೇರಲಿಲ್ಲ. ಹಾಲು ಎಳೆಯುವ ಶಕ್ತಿಯೂ ಇರಲಿಲ್ಲ. ನನ್ನ ಮರ್ಯಾದೆ ದೊಡ್ಡದೋ ಈ ಎರಡು ಕಿಲೋ ದೊಡ್ಡದೋ ಎಂದು ನನ್ನನ್ನೇ ಕೇಳಿಕೊಂಡೆ. ಸರ್ದಾರಬೀಯನ್ನೂ ಒಳಗೆ ಕರೆದೆ. ಬರಿ ನೆಲದ ಮೇಲೆ ಬಾನುಬೀ ಎದುರು ಕೂತು ಎಲ್ಲ ಹೇಳಿದೆ. ಬಕೆಟ್ಟು, ಕೆಂಡ, ಗೋಣಿತಾಟು, ನಾನು ಬರೆದದ್ದು, ಬರೆಯದೆ ಬಿಟ್ಟದ್ದು. ನಿನ್ನ ಬನಿಯನ್ನಿನ ಮಾತು ಮಾತ್ರ ಹೇಳಲಿಲ್ಲ. ಅದು ನನ್ನ ಹತ್ತಿರ ಇರುತ್ತದೆ.

"ನಿನ್ನ ಗಂಡನ್ನ ಕೊಂದಾಕಿ ನಾನವ್ವ. ಹಿಮ ಅಲ್ಲ" ಅಂದೆ.

ಸರ್ದಾರಬೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಾನುಬೀ ನನ್ನನ್ನೇ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಸಾಕೆಂದೂ ಅನ್ನಿಸಿತ್ತು. ಆಮೇಲೆ ಕೇಳಿದಳು.

"ಅಂದ್ರ… ಅವ್ರು ನಡುಗಲಿಲ್ಲೇನ್ರಿ?"

"ಇಲ್ಲವ್ವ."

"ಬೆಚ್ಚಗ ಇದ್ರೇನ್ರಿ?"

"ಬೆಚ್ಚಗ ಇದ್ದ. ನಿದ್ದಿ ಬಂದಂಗ ಆಗಿರ್ತೈತಿ, ಅಷ್ಟ. ನೋವು ಗೊತ್ತಾಗಂಗಿಲ್ಲ."

ಆಗ ಅತ್ತಳು. ತಂತಿ ಬಂದ ದಿನದಿಂದ ತಡೆದದ್ದೆಲ್ಲ ಒಟ್ಟಿಗೇ ಬಂತು. ನಾನು ಮುಟ್ಟಲು ಹೋದರೆ ಕೈ ತಳ್ಳಿದಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, "ಅತ್ತೀ, ಶಗಡಿ ತರ್ರಿ" ಅಂದಳು. ಸರ್ದಾರಬೀ ಕೆಂಡ ತಂದಿಟ್ಟಳು. ನನ್ನ ಕೈ ಮೇಲೇಳುವ ಮೊದಲೇ ಬಾನುಬೀ ತಾನೇ ಕೈ ಎತ್ತಿ ಬೆಳಕಿಂಡಿ ತೋರಿಸಿದಳು. ಕಣ್ಣು ಮಾತ್ರ ನನ್ನ ಮೇಲಿತ್ತು. ಗಡಿಗೆ ಸರಿಯಿತು. ಕೂಸನ್ನು ನನ್ನ ಮಡಿಲಿನಿಂದ ತಗೊಂಡು ಕೌದಿಯೊಳಗೆ ಎಳೆದುಕೊಂಡು, ಆ ಕಡೆ ತಿರುಗಿ ಮಲಗಿದಳು.

ನಾನು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಹೇಳಿದಳು: "ನರ್ಸಬಾಯಾರ, ನಾಳಿಂದ ಬರಬ್ಯಾಡ್ರಿ."

ಆಗಲಿ ಅಂದೆ.

ಈಗ ನಿನ್ನ ಮಾತು. ಬಾಗಿಲು ಕಟ್ಟಿ ಹಿಮವನ್ನು ತೊಡೆಯ ಮೇಲೆ ಹಾಕಿಕೊಂಡರೆ ಮೆಹಬೂಬಸಾಬ ತಿರುಗಿ ಬರುವುದಿಲ್ಲ. ಹುಚ್ಚ, ನಿನ್ನ ಬೆರಳು ಉದುರುತ್ತವೆ. ಇನ್ನೊಂದು ಶಗಡಿ ಮಾಡು. ತಾಡಪತ್ರಿಯಲ್ಲಿ, ತಲೆಯ ಮೇಲೆ, ಒಂದು ಅಂಗೈ ಅಗಲ ಕತ್ತರಿಸು. ಕೆಳಗೆ ಆ ಮೂರು ಬೆರಳ ಕಿಂಡಿಯನ್ನೂ ತೆರೆ. ಅವೆರಡರ ಮೇಲೆ ಹಿಮ ಕೂಡಲು ಬಿಡಬೇಡ. ಟ್ರ್ಯಾಕ್ಟರ್ ನಿಂತ ಕೂಡಲೇ ಶಗಡಿ ಹೊರಗೆ ಇಳಿಯಬೇಕು, ಒಂದು ನಿಮಿಷಕ್ಕೆ ನಿಂತರೂ ಸರಿ. ಈ ಸಲ ಎಲ್ಲ ಬರೆದಿದ್ದೇನೆ. ಎರಡು ಸಲ ಓದಿ ನೋಡಿದ್ದೇನೆ.

ದಿನಾ ಬೆಳಿಗ್ಗೆ ಭೇಟಿಗೆ ಹೋಗುವಾಗ ಅವರ ಓಣಿಯಿಂದಲೇ ಹೋಗುತ್ತೇನೆ. ದಾರಿ ಸುತ್ತಾದರೂ ಹಾಗೇ ಹೋಗುತ್ತೇನೆ. ಬೇವಿನ ಗಿಡದ ಕೆಳಗೆ ನಿಂತರೆ ಅವರ ಮಾಳಿಗೆ ಕಾಣುತ್ತದೆ. ಸರ್ದಾರಬೀ ಶಗಡಿಗೆ ಲೋಬಾನದ ಧೂಪ ಹಾಕುವ ಹೊತ್ತು ಅದು. ಕೂಸಿನ ಅಂಗಾಲು ಬೆಚ್ಚಗಾಯಿತೋ ಇಲ್ಲವೋ, ಮುಟ್ಟಿ ನೋಡುವ ಹಾಗಿಲ್ಲ. ಬೆಳಕಿಂಡಿಯಿಂದ ಹೊಗೆ ಏಳುವ ತನಕ ನಿಂತು, ಎದ್ದ ಮೇಲೆ ಮುಂದಿನ ಮನೆಗೆ ಹೋಗುತ್ತೇನೆ.

ಅಕ್ಕ,
ಪಕ್ಕೀರವ್ವ